ನಾರಿನ ಎರಡು ಬೆರಳು

ನನ್ನ ಬಲಗೈಯ ಎರಡು ಬೆರಳು ಹೋದ ಮೇಲೆ ಮಿಲ್ಲಿನವರು ನನಗೆ ಬರೆಯುವ ಕೆಲಸ ಕೊಟ್ಟರು. ಕೇಳಿ ನಗು ಬಂದರೆ ನಗಿ. ನಾನೂ ನಕ್ಕಿದ್ದೇನೆ. ಹೋದದ್ದು ತೋರುಬೆರಳು ಮತ್ತು ನಡುಬೆರಳು. ಬಳಪ ಹಿಡಿಯುವ ಬೆರಳುಗಳೇ.

ಕೆಲಸ ಇಷ್ಟೇ. ಗೇಟು ದಾಟಿದ ಕೂಡಲೇ ಎಡಗಡೆ ಗೋಡೆಗೆ ಒಂದು ಕರಿ ಬೋರ್ಡು. ಅದರ ಮೇಲೆ ಹಳದಿ ಬಣ್ಣದಲ್ಲಿ 'ಅಪಘಾತವಿಲ್ಲದೆ ಕಳೆದ ದಿನಗಳು' ಎಂದು ಬರೆಸಿದ್ದಾರೆ. ಅದರ ಕೆಳಗೆ ದಿನಾ ಬೆಳಿಗ್ಗೆ ನಿನ್ನೆಯ ಸಂಖ್ಯೆ ಅಳಿಸಿ, ಒಂದು ಕೂಡಿಸಿ ಬರೆಯಬೇಕು. ನನ್ನ ಬೆರಳು ಹೋದ ದಿನ ಅಲ್ಲಿ ೭೦೪ ಇತ್ತು. ಮಾರನೇ ದಿನ ಯಾರೋ ೭೦೫ ಬರೆದರು. ಹದಿನೈದು ದಿನದ ಮೇಲೆ ಬ್ಯಾಂಡೇಜು ಸುತ್ತಿಕೊಂಡು ನಾನು ಬಂದೆ. ೭೧೯ನ್ನು ನಾನೇ ಬರೆದೆ. ಎಡಗೈಯಲ್ಲಿ, ಸೊಟ್ಟಗೆ.

"ನೆರಳಲ್ಲಿ ನಿಂತು ಮಾಡೋ ಕೆಲಸ. ಪುಣ್ಯ ಮಾಡಿದ್ರಿ ದ್ರಾಕ್ಷಾಯಣಿ," ಅಂದರು ರೈಟರ್ ಅಚ್ಯುತ. ಮಿಲ್ಲಿನ ಲೆಕ್ಕ, ಹಾಜರಿ, ಸುಳ್ಳು ಮೂರನ್ನೂ ನೋಡಿಕೊಳ್ಳುವವರು ಅವರೇ.

ನಮ್ಮದು ತೆಂಗಿನ ನಾರಿನ ಮಿಲ್ಲು. ಹಾರನಹಳ್ಳಿಯಿಂದ ಅರಸೀಕೆರೆಗೆ ಬರುವಾಗ ರಸ್ತೆಯ ಬಲಕ್ಕೆ ಸಿಗುತ್ತದೆ. ಈ ಸೀಮೆಯಲ್ಲಿ ತೋಟ ಇರುವವರು ಕಾಯಿ ಎಣಿಸುತ್ತಾರೆ. ತೋಟ ಇಲ್ಲದವರು ಮಟ್ಟೆ ಹೊರುತ್ತೇವೆ. ಕಾಯಿ ಸುಲಿದು ಬಿಸಾಕಿದ ಮಟ್ಟೆಯನ್ನು ಬುಟ್ಟಿಯಲ್ಲಿ ತಂದು ಮಿಷನ್ನಿನ ಬಾಯಿಗೆ ತುಂಬಬೇಕು. ಒಳಗೆ ಮೊಳೆ ಹಲ್ಲಿನ ಎರಡು ರೋಲರ್. ಮಟ್ಟೆ ಆ ಕಡೆಯಿಂದ ನಾರಾಗಿ ಹಾರಿ ಬೀಳುತ್ತದೆ. ಧೂಳು ಮೂಗಿಗೆ, ಬಾಯಿಗೆ, ರವಿಕೆಯೊಳಕ್ಕೆ ಹೋಗುತ್ತದೆ. ಸಂಜೆ ಉಗುಳಿದರೆ ಎಲೆ ಅಡಿಕೆ ಹಾಕದವರ ಉಗುಳೂ ಕೆಂಪು.

ಮಿಷನ್ನಿನ ಬಾಯಿಗೆ ಒಂದು ಗಾರ್ಡ್ ಇದೆ. ಕಬ್ಬಿಣದ ಜಾಲರಿ, ನಾಲ್ಕು ಬೋಲ್ಟು. ಅದು ಇದ್ದರೆ ಕೈ ಒಳಗೆ ಹೋಗುವುದಿಲ್ಲ. ಮಟ್ಟೆಯನ್ನು ಕೋಲಿನಲ್ಲಿ ನೂಕಬೇಕು. ಕೋಲಿನಲ್ಲಿ ನೂಕಿದರೆ ಗಂಟೆಗೆ ನಾಲ್ಕು ಬುಟ್ಟಿ ಕಡಿಮೆ. ನಾಲ್ಕು ಬುಟ್ಟಿ ಕಡಿಮೆಯಾದರೆ ಮಾಲೀಕರಾದ ಉದಯಕುಮಾರ್ ಅವರಿಗೆ ಊಟ ಸೇರುವುದಿಲ್ಲ. ಆದ್ದರಿಂದ ಗಾರ್ಡ್ ಅವರ ಆಫೀಸಿನ ಮೂಲೆಯಲ್ಲಿ ಒರಗಿಕೊಂಡು ಇರುತ್ತದೆ. ಅದರ ಮೇಲೆ ಅವರು ಟವೆಲು ಒಣಹಾಕುತ್ತಾರೆ.

ಸಂಕ್ರಾಂತಿ ಆದ ವಾರ ನನ್ನ ಕೈ ಮಟ್ಟೆಯ ಜೊತೆ ಒಳಗೆ ಹೋಯಿತು. ನೋವಿನ ವಿಷಯ ಬೇಡ. ಕೂಗಿದ್ದೆ, ಅಷ್ಟು ನೆನಪಿದೆ. ಆಟೋದಲ್ಲಿ ಅಚ್ಯುತ ಪಕ್ಕ ಕೂತು, "ಮನೇಲಿ ಕಾಯಿ ಸುಲೀವಾಗ ಆಯ್ತು ಅನ್ನಿ. ಮಿಲ್ಲಿನ ಹೆಸರು ಬಂದ್ರೆ ಮಿಲ್ಲೇ ಮುಚ್ತಾರೆ, ಮೂವತ್ತು ಮನೆ ಒಲೆ ಆರುತ್ತೆ," ಅಂತ ಮೂರು ಸಲ ಹೇಳಿದರು. ಹಾಗೇ ಹೇಳಿದೆ. ನನ್ನ ಮನೆಯಲ್ಲಿ ಸುಲಿಯುವುದಕ್ಕೆ ಒಂದು ಕಾಯಿಯೂ ಇರಲಿಲ್ಲ. ಆ ಸುಳ್ಳಿಗೆ ನನಗೆ ಇವತ್ತಿಗೂ ನನ್ನ ಮೇಲೇ ಸಿಟ್ಟು.

ಮಿಷನ್ನಿನ ಮುಂದೆ ನನ್ನ ಜಾಗಕ್ಕೆ ನನ್ನ ನಾದಿನಿ ನಯನಾ ಬಂದಳು. ಇಪ್ಪತ್ತೊಂದು ವರ್ಷ. ಮುಂದಿನ ವೈಶಾಖಕ್ಕೆ ಮದುವೆ ಗೊತ್ತಾಗಿದೆ. ಕೈಗೆ ಗೋರಂಟಿ ಹಾಕಿಕೊಳ್ಳುವ ಆಸೆ ಬಹಳ. ದಿನಾ ಬೋರ್ಡು ಬರೆದು ಅಂಗಳ ಗುಡಿಸುವಾಗ ನನ್ನ ಕಣ್ಣು ಅವಳ ಕೈ ಮೇಲೇ ಇರುತ್ತಿತ್ತು. ಅವಳ ಕೈ ರೋಲರಿನ ಹತ್ತಿರ ಹೋದಾಗೆಲ್ಲ ನನ್ನ ಪೊರಕೆ ನಿಲ್ಲುತ್ತಿತ್ತು. ಗಾರ್ಡ್ ಹಾಕಿಸಿ ಅಂತ ಉದಯಕುಮಾರ್‌ಗೆ ಎರಡು ಸಲ ಹೇಳಿದೆ. "ಹಾಕ್ಸಾನ ತಾಳಮ್ಮ, ತಪಾಸಣೆ ಬರ್ಲಿ," ಅಂದರು.

ಗಾರ್ಡ್ ಇರುವುದು ಕೈಗಲ್ಲ, ತಪಾಸಣೆಗೆ.

ಮಾರ್ಚಿ ತಿಂಗಳ ಸುರಕ್ಷತಾ ಸಪ್ತಾಹದಲ್ಲಿ ತಪಾಸಣೆ ಬಂತು. ಇಲಾಖೆಯ ಹೊಸ ಪದ್ಧತಿ ಪ್ರಕಾರ ಯಾವ ಮಿಲ್ಲಿಗೆ ಯಾವಾಗ ಹೋಗಬೇಕೆಂದು ಕಂಪ್ಯೂಟರೇ ಆರಿಸುತ್ತದಂತೆ, ಯಾರಿಗೂ ಗೊತ್ತಾಗುವುದಿಲ್ಲವಂತೆ. ಇರಬಹುದು. ಆದರೆ ಹಾಸನದಿಂದ ಬರುವ ಜೀಪಿಗೆ ರಸ್ತೆ ಒಂದೇ. ಹಾರನಹಳ್ಳಿಯ ಮೊದಲ ಮಿಲ್ಲಿನ ಗೇಟಿಗೆ ಜೀಪು ತಿರುಗಿತು ಅಂದರೆ ಉಳಿದ ಎರಡು ಮಿಲ್ಲಿಗೂ ಫೋನು ಬರುತ್ತದೆ.

ಫೋನಿನ ಹಿಂದೆಯೇ ಹೆಲ್ಮೆಟ್ಟು ಬರುತ್ತವೆ. ಮೂರು ಮಿಲ್ಲಿನವರೂ ಸೇರಿ ಕೊಂಡ ಮೂವತ್ತು ಹಳದಿ ಹೆಲ್ಮೆಟ್ಟು, ಮೂವತ್ತು ಜೊತೆ ಕೈಗವಸು. ಮೊದಲ ಮಿಲ್ಲಿನಲ್ಲಿ ಫೋಟೋ ಆದ ಕೂಡಲೇ ಟೆಂಪೊಗೆ ತುಂಬುತ್ತಾರೆ. ಜೀಪು ಡಾಂಬರು ರಸ್ತೆಯಲ್ಲಿ ಬಂದರೆ ಟೆಂಪೊ ತೋಟದ ಹಿಂದಿನ ಗಾಡಿ ಜಾಡಿನಲ್ಲಿ ಬರುತ್ತದೆ. ಟೆಂಪೊ ಮೊದಲು ಮುಟ್ಟಬೇಕಲ್ಲ, ಅದಕ್ಕೆ ಇನ್‌ಸ್ಪೆಕ್ಟರಿಗೆ ಎಳನೀರು. ಒಂದು ಎಳನೀರು ಕೆತ್ತಿ, ಕುಡಿಸಿ, ಗಂಜಿ ತಿನ್ನಿಸುವುದಕ್ಕೆ ಏಳು ನಿಮಿಷ. ಎರಡು ಎಳನೀರಿಗೆ ಮೂವತ್ತು ಹೆಲ್ಮೆಟ್ಟು ಸಾಗಿಸಬಹುದು. ಇದು ಅಚ್ಯುತ ಕಂಡುಹಿಡಿದ ಲೆಕ್ಕ.

ಅವತ್ತು ಬೋರ್ಡಿನ ಮೇಲೆ ೭೪೭ ಬರೆದು ಕೈ ಒರೆಸಿಕೊಳ್ಳುತ್ತಿದ್ದೆ. ಫೋನು ಬಂತು. ಉದಯಕುಮಾರ್ ಆಫೀಸಿನಿಂದ ಓಡಿ ಬಂದರು.

"ಏನ್ಲಾ ಕೆಂಚ, ಗಾರ್ಡ್ ಹಾಕ್ಲಾ! ಮಿಷನ್ ಒರೆಸ್ರೋ! ಯಾರಾದ್ರೂ ಕೆಮ್ಮಿದ್ರೆ ಕೊಂದಾಕ್ಬಿಡ್ತೀನಿ!"

ಮಿಷನ್ ರಿಪೇರಿಯ ಕೆಂಚಪ್ಪ ಗಾರ್ಡಿನ ಮೇಲಿದ್ದ ಟವೆಲು ತೆಗೆದು ಮಡಿಸಿ ಕುರ್ಚಿಗೆ ಹಾಕಿ, ಹದಿನಾಲ್ಕನೇ ನಂಬರಿನ ಸ್ಪಾನರು ತಂದು ನಾಲ್ಕು ಬೋಲ್ಟು ಬಿಗಿದ. ನಯನಾ ಅದನ್ನೇ ನೋಡುತ್ತಾ ನಿಂತಳು.

"ಅತ್ಗೆ, ಇದು ಎಷ್ಟ್ ಹೊತ್ತು ಇರ್ತದೆ?" ಅಂದಳು.

"ತಪಾಸಣೆ ಮೇಡಂ ಎಳನೀರು ಕುಡ್ದು ಹೋಗಗಂಟ."

"ಅವ್ರಿಗೆ ಇನ್ನೆರಡು ಜಾಸ್ತಿ ಕುಡಿಸ್ಬೇಕು," ಅಂದಳು ಹುಡುಗಿ.

ಟೆಂಪೊ ಬಂತು. ಹೆಲ್ಮೆಟ್ಟು ಇನ್ನೂ ಬೆಚ್ಚಗಿದ್ದವು. ಒಳಗೆ ಬೇರೆ ಮಿಲ್ಲಿನವರ ಬೆವರು. ನನ್ನದರಲ್ಲಿ ಯಾರದೋ ಮಲ್ಲಿಗೆ ಹೂವಿನ ತುಂಡು ಅಂಟಿಕೊಂಡಿತ್ತು. ಸಣ್ಣತಾಯಮ್ಮನ ಹೆಲ್ಮೆಟ್ಟಿನ ಮೇಲೆ ಒಂದು ಹಸಿರು ಗಿಣಿಯ ಸ್ಟಿಕ್ಕರು. ನಮ್ಮ ಮಿಲ್ಲಿನಲ್ಲಿ ಎಲ್ಲರಿಗಿಂತ ಹಿರಿಯಳು, ಎಲ್ಲರಿಗಿಂತ ದಪ್ಪ, ಎಲ್ಲರಿಗಿಂತ ಬಾಯಿ ಜೋರು ಅಂದರೆ ಅವಳೇ. ಹೆಲ್ಮೆಟ್ಟು ಅವಳ ತುರುಬಿನ ಮೇಲೆ ಕೂರದೆ ಅತ್ತಿತ್ತ ಆಡುತ್ತಿತ್ತು.

"ನಮ್ ತಲೆ ಮೇಲೆ ಬೀಳಾದು ಏನ್ಲಾ ಐತೆ ಇಲ್ಲಿ? ಉದಯಣ್ಣನ ಬೈಗುಳ ಒಂದೇ ತಾನೆ?" ಅಂದಳು ಸಣ್ಣತಾಯಮ್ಮ. "ಅದ ತಡಿಯೋ ಹೆಲ್ಮೆಟ್ಟು ಇನ್ನೂ ಬಂದಿಲ್ಲ ಬಿಡು."

ಅಷ್ಟರಲ್ಲಿ ಅಚ್ಯುತ ನನ್ನನ್ನು ಪಕ್ಕಕ್ಕೆ ಕರೆದರು. ಕೈಯಲ್ಲಿ ಬಲಗೈಯ ಗವಸು. ಅದರ ಎರಡು ಬೆರಳಿಗೆ ನಾರು ಗಿಡಿದಿದ್ದರು. ಕಡ್ಡಿಯಲ್ಲಿ ಒತ್ತಿ ಒತ್ತಿ ತುಂಬಿದ್ದರು.

"ಹಾಕ್ಕೊಳ್ಳಿ. ಒಂದನೇ ದರ್ಜೆ ನಾರು. ಎಕ್ಸ್‌ಪೋರ್ಟ್ ಕ್ವಾಲಿಟಿ."

ನಾನು ಅವರ ಮುಖ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ.

"ಇಲ್ಲಾಂದ್ರೆ ಗೋಡೌನಲ್ಲಿ ಕೂತಿರಿ. ನಿಮ್ಮಿಷ್ಟ," ಅಂದರು.

ಗೋಡೌನಿನಲ್ಲಿ ಕೂರಲು ಮನಸ್ಸಾಗಲಿಲ್ಲ. ನಯನಾಳ ಕೈ ನನಗೆ ಕಾಣುತ್ತಿರಬೇಕು. ಗವಸು ಹಾಕಿಕೊಂಡೆ. ನಲವತ್ತಮೂರು ದಿನದ ಮೇಲೆ ನನ್ನ ಕೈಗೆ ಮತ್ತೆ ಐದು ಬೆರಳು ಬಂದವು. ಎರಡು ಮಡಚುತ್ತಿರಲಿಲ್ಲ ಅಷ್ಟೇ.

ಜೀಪು ಬಂತು. ಇನ್‌ಸ್ಪೆಕ್ಟರ್ ಹೆಸರು ಮೇಧಿನಿ ಅಂತೆ. ಕಾಟನ್ ಸೀರೆ, ಷೂ, ಎದೆಗೆ ಒತ್ತಿ ಹಿಡಿದ ಟ್ಯಾಬು. ಆಗಲೇ ಎರಡು ಮಿಲ್ಲಿನಲ್ಲಿ ಐದು ಎಳನೀರು ಆಗಿತ್ತು. ನಮ್ಮ ಗೇಟಿನಲ್ಲಿ ಆರನೆಯದು ಕೆತ್ತಿದರು. ಬೇಡ ಅಂದರೂ ಬಿಡಲಿಲ್ಲ, ಏಳನೆಯದೂ ಕೊಟ್ಟರು.

"ಈ ಗಿಣೀನ ಎಲ್ಲೋ ನೋಡ್ದಂಗಿದೆ," ಅಂದರು ಮೇಡಂ, ಸಣ್ಣತಾಯಮ್ಮನ ತಲೆ ನೋಡಿ.

"ಗಿಣಿ ಅಲ್ವಾ ಮೇಡಂ, ಹಾರ್ಕಂಡು ಬತ್ತದೆ," ಅಂದಳು ಸಣ್ಣತಾಯಮ್ಮ. ಅಚ್ಯುತ ಕೆಮ್ಮಿದರು. ಕೆಮ್ಮಿದವರನ್ನು ಕೊಲ್ಲುವುದು ಉದಯಕುಮಾರ್‌ಗೆ ಆಗ ನೆನಪಾಗಲಿಲ್ಲ.

ಮೊದಲು ಪ್ರತಿಜ್ಞೆ. ಎಲ್ಲರೂ ಬಲಗೈ ಮುಂದೆ ಚಾಚಿ ನಿಂತೆವು. ಅಚ್ಯುತ ಹೇಳಿಕೊಟ್ಟರು. ನಾನು ಸದಾ ಎಚ್ಚರದಿಂದಿರುತ್ತೇನೆ. ನನ್ನ ಅಜಾಗರೂಕತೆಯಿಂದ ಅಪಘಾತವಾಗಲು ಬಿಡುವುದಿಲ್ಲ. ನನಗೆ ಮೈ ಉರಿಯಿತು. ಗಾರ್ಡ್ ಬಿಚ್ಚುವವರು ಅವರು, ಆಣೆ ಇಡುವವರು ನಾವು. ಮಿಲ್ಲಿನವರಲ್ಲಿ ಆಣೆ ಇಡದೆ ನಿಂತಿದ್ದವರು ಉದಯಕುಮಾರ್ ಒಬ್ಬರೇ. ಪ್ರತಿಜ್ಞೆ ಮುಗಿದು ಎಲ್ಲರೂ ಮುಷ್ಟಿ ಕಟ್ಟಿ ಜೈ ಅನ್ನಬೇಕಿತ್ತು. ನಾನೂ ಕಟ್ಟಿದೆ. ನಾರಿನ ಬೆರಳೆರಡೂ ನೆಟ್ಟಗೆ ಉದಯಕುಮಾರ್ ಕಡೆ ತೋರಿಸುತ್ತಾ ನಿಂತವು. ಅವರು ಎಡಕ್ಕೆ ಸರಿದರು. ನೋಡಲು ನಾನೂ ತಿರುಗಿದೆ, ಬೆರಳೂ ಎಡಕ್ಕೆ ಸರಿದವು.

ಆಮೇಲೆ ಮೇಡಂ ಟ್ಯಾಬು ನೋಡಿ ಒಂದೊಂದೇ ಕೇಳಿದರು. ಹೆಲ್ಮೆಟ್? ಇದೆ. ಕೈಗವಸು? ಇದೆ. ಗಾರ್ಡ್? ಇದೆ. ಪ್ರತಿ ಸಲ ಒಂದು ಫೋಟೋ, ಟ್ಯಾಬಿನಲ್ಲಿ ಒಂದು ಹಸಿರು ಗುರುತು.

"ಮಹಿಳಾ ಶೌಚಾಲಯ?"

"ಇದೆ ಮೇಡಂ," ಅಂದರು ಉದಯಕುಮಾರ್.

ಬೇರೆ ದಿನ ಆಗಿದ್ದರೆ ಹಸಿರು ಗುರುತು ಬಿದ್ದುಹೋಗುತ್ತಿತ್ತು. ಆದರೆ ಏಳು ಎಳನೀರು. ಮೇಡಂ ಆಗಲೇ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತಿದ್ದರು.

"ಎಲ್ಲಿ?" ಅಂದರು.

ಉದಯಕುಮಾರ್ ಅಚ್ಯುತರ ಮುಖ ನೋಡಿದರು. ಕೀ ಕೆಂಚಪ್ಪನ ಹತ್ತಿರ ಇದೆ ಅಂದರು ಅಚ್ಯುತ. ಕೀ ಸಾಹುಕಾರ್ರ ಹತ್ತಿರ ಐತೆ ಅಂದ ಕೆಂಚಪ್ಪ. ಕೀ ಡೂಪ್ಲಿಕೇಟ್ ಮಾಡಿಸಲು ಅರಸೀಕೆರೆಗೆ ಹೋಗಿದೆ ಅಂದರು ಉದಯಕುಮಾರ್.

"ಬೀಗನೇ ಇಲ್ಲದ ಬಾಗ್ಲಿಗೆ ಕೀ ಯಾಕ್ರಪ್ಪಾ?" ಅಂತ ಸಣ್ಣತಾಯಮ್ಮ ಹೋಗಿ ಬಾಗಿಲು ಎಳೆದಳು. ಒಳಗಿಂದ ನಾರಿನ ಒಂದು ಕಟ್ಟು ಉರುಳಿ ಬಂತು. ಅದರ ಹಿಂದೆ ಇನ್ನೊಂದು. ಸೂರು ಮುಟ್ಟುವವರೆಗೆ ಕಟ್ಟುಗಳು. ಕಟ್ಟಿಸಿದ ದಿನದಿಂದ ಆ ಶೌಚಾಲಯಕ್ಕೆ ಹೋಗಿದ್ದು ನಾರೊಂದೇ.

"ಮತ್ತೆ ನೀವೆಲ್ಲ ಎಲ್ಲಿಗೆ ಹೋಗ್ತೀರಾ?" ಮೇಡಂ ಧ್ವನಿ ಸಣ್ಣದಾಗಿತ್ತು.

"ಮಟ್ಟೆ ರಾಶಿ ಹಿಂದಕ್ಕೆ," ಅಂದೆ ನಾನು. "ಬನ್ನಿ. ನಾನು ಕಾವಲು ನಿಂತ್ಕತೀನಿ."

ಮೇಡಂ ರಾಶಿಯ ಕಡೆ ನೋಡಿದರು. ಆಮೇಲೆ ನಡೆದರು. ಬೇಗ ಬೇಗ ನಡೆದರು.

ರಾಶಿಯ ಹಿಂದೆ ಟ್ಯಾಬನ್ನು ನನ್ನ ಕೈಗೆ ಕೊಟ್ಟರು. ಎಡಗೈಯಲ್ಲಿ ಸೀರೆಯ ಸೆರಗು ಅಡ್ಡ ಹಿಡಿದಿದ್ದೆ. ಟ್ಯಾಬನ್ನು ಬಲಗೈಯಲ್ಲಿ ಹಿಡಿದೆ. ನಾರಿನ ಬೆರಳು ಹಿಡಿಯುತ್ತವೆಯೇ? ಜಾರಿತು. ಎದೆಗೆ ಒತ್ತಿಕೊಂಡೆ. ಆ ರಭಸಕ್ಕೆ ಗವಸಿನ ತುದಿಯ ಹೊಲಿಗೆ ಬಿಟ್ಟು ನಾರು ಹೊರಗೆ ಬಂತು.

ಮೇಡಂ ಸೀರೆ ಸರಿಮಾಡಿಕೊಂಡು ಎದ್ದು ನೋಡಿದರು.

"ಏನ್ರೀ ಇದು? ಬೆರಳಿಂದ ನಾರು ಬರ್ತಿದೆ?"

"ಇದು ನಾರಿನ ಮಿಲ್ಲಲ್ವಾ ಮೇಡಂ," ಅಂದೆ. ಅಂದವಳೇ ಗವಸು ಎಳೆದು ತೆಗೆದೆ.

ಮೂರು ಬೆರಳಿನ ಕೈಯನ್ನು ಅವರ ಮುಂದೆ ಹಿಡಿದೆ. ಗಾರ್ಡು, ಟವೆಲು, ಆಟೋ, ಮನೆಯಲ್ಲಿ ಇಲ್ಲದ ಕಾಯಿ, ಹೆಲ್ಮೆಟ್ಟಿನ ಟೆಂಪೊ ಎಲ್ಲ ಹೇಳಿದೆ. "ಈಗ ನನ್ ಜಾಗದಲ್ಲಿ ನನ್ ನಾದಿನಿ ನಿಂತವ್ಳೆ. ನೀವು ಗೇಟು ದಾಟಿದ್ ತಕ್ಷಣ ಗಾರ್ಡ್ ಬಿಚ್ತಾರೆ. ಅವಳ ಬೆರಳಿಗೂ ನಾರು ತುಂಬೋದಾ?"

"ಕಂಪ್ಲೇಂಟ್ ಕೊಡಿ."

"ಯಾರಿಗೆ?"

"ನಂಗೇ."

"ಕೊಟ್ಟೆ. ಬರ್ಕಳಿ."

ಮೇಡಂ ಟ್ಯಾಬು ಒತ್ತಿದರು. ಮತ್ತೆ ಒತ್ತಿದರು. ಮುಖ ಕೆಂಪಾಯಿತು. "ಅಪಘಾತದ ಕಾಲಂ ತೆರೀತಿಲ್ಲ. ಮಾಲೀಕರು ಸ್ವಯಂ ಘೋಷಣೆಯಲ್ಲಿ ಸೊನ್ನೆ ಅಂತ ಕೊಟ್ಟಿದಾರೆ. ಅಲ್ಲಿ ಸೊನ್ನೆ ಇದ್ರೆ ಇಲ್ಲಿ ಬೀಗ."

ಶೌಚಾಲಯಕ್ಕೆ ಬೀಗ ಇಲ್ಲ. ಬೆರಳಿಗೆ ಬೀಗ ಇದೆ. ನನಗೆ ನಗು ಬಂತು, ಅಳುವೂ ಬಂತು.

"ಇನ್ನೇನು ಉಳ್ದೈತೆ ನಿಮ್ದು?" ಅಂತ ಕೇಳಿದೆ.

"ಬೋರ್ಡಿನ ಫೋಟೋ ಒಂದು."

ಬೋರ್ಡು ನನ್ನ ಕೆಲಸ.

ನಾನು ಮುಂದೆ ನಡೆದೆ. ಅಂಗಳದಲ್ಲಿ ಎಲ್ಲರೂ ಹೆಲ್ಮೆಟ್ಟು ಹಾಕಿಕೊಂಡು ಬಿಸಿಲಲ್ಲಿ ನಿಂತಿದ್ದರು. ಗವಸನ್ನು ಮುದ್ದೆ ಮಾಡಿ ೭೪೭ನ್ನು ಒರೆಸಿದೆ. ಒಂದನೇ ದರ್ಜೆ ನಾರು, ಚೆನ್ನಾಗಿ ಒರೆಸುತ್ತದೆ. ಎಡಗೈಯಲ್ಲಿ ಬಳಪ ಹಿಡಿದು ಬರೆದೆ. ೪೩. ನಾನು ಬರೆದ ಸಂಖ್ಯೆಗಳಲ್ಲಿ ಸೊಟ್ಟ ಇಲ್ಲದ್ದು ಅದೊಂದೇ.

"ಏಯ್! ಏನಮ್ಮಾ ಅದು? ಅಳ್ಸು! ಸರಿಯಾಗಿ ಬರಿ!" ಉದಯಕುಮಾರ್ ಓಡಿ ಬಂದರು.

"ಸರಿಯಾಗೇ ಬರ್ದಿದೀನಿ. ನನ್ ಬೆರಳು ಹೋಗಿ ಇವತ್ತಿಗೆ ನಲವತ್ಮೂರು."

"ಅಳ್ಸು ಅಂದೆ!"

"ಆಗಲ್ಲ. ಬರಿಯೋ ಬೆರಳ ನಿಮ್ ಮಿಷನ್ ತಿಂದೈತೆ. ನಿಮ್ಗೆ ಹತ್ತೂ ಅವಲ್ಲ? ನೀವೇ ಬರೀರಿ."

ಬಳಪ ಮುಂದಕ್ಕೆ ಚಾಚಿದೆ. ಮಿಲ್ಲಿಗೆ ಸೇರಿದ ಎರಡು ವರ್ಷದಲ್ಲಿ ಆ ಮನುಷ್ಯನಿಗೆ ನಾನು ಆಗುವುದಿಲ್ಲ ಅಂದದ್ದು ಅದೇ ಮೊದಲು. ಅವರು ಸಿಟ್ಟಿನಲ್ಲಿ ಬಳಪ ಕಿತ್ತುಕೊಂಡು ಬೋರ್ಡಿನ ಕಡೆ ಕೈ ಎತ್ತಿದರು. ಮೇಡಂ ಫೋಟೋ ಹೊಡೆದರು.

ಆ ಫೋಟೋ ನಾನು ನೋಡಿದ್ದೇನೆ. ಬಳಪ ಹಿಡಿದ ಉದಯಕುಮಾರ್, ಪಕ್ಕದಲ್ಲಿ ೪೩. ಈಗ ತಾನೇ ಬರೆದು ಮುಗಿಸಿದ ಹಾಗೆ ನಿಂತಿದ್ದಾರೆ. ಬಾಯಿ ಮಾತ್ರ ತೆರೆದಿದೆ.

ಫೋಟೋದಲ್ಲಿದ್ದ ಸಂಖ್ಯೆ ಓದಿಕೊಂಡು ಟ್ಯಾಬು ಕುಂಯ್ ಅಂದಿತು. ಮೇಡಂ ಗಟ್ಟಿಯಾಗಿ ಓದಿದರು. "ಹಿಂದಿನ ವರ್ಷದ ತಪಾಸಣೆಯಲ್ಲಿ ೩೮೨. ಈ ವರ್ಷ ೪೩. ಸಂಖ್ಯೆ ಕಡಿಮೆಯಾಗಲು ಕಾರಣ ನಮೂದಿಸಿ."

ಅಪಘಾತದ ಕಾಲಮ್ಮಿನ ಬೀಗ ತೆರೆದಿತ್ತು. ನಮ್ಮ ಕೂಗು ಕೇಳದ ಟ್ಯಾಬಿಗೆ ಲೆಕ್ಕ ತಪ್ಪಿದ್ದು ಕೇಳಿಸಿತ್ತು.

"ಹೆಸರು ಹೇಳಿ," ಅಂದರು ಮೇಡಂ. ಹೇಳಿದೆ. ಯಾವ ಕೈ, ಯಾವ ಬೆರಳು, ಯಾವ ದಿನ, ಎಲ್ಲ ಕೇಳಿ ಬರೆದುಕೊಂಡರು. ಗವಸಿಲ್ಲದ ಕೈಯ ಫೋಟೋ ತೆಗೆದರು. ಗಾರ್ಡ್ ಬಿಚ್ಚಬಾರದು, ಹದಿನೈದು ದಿನದಲ್ಲಿ ಉತ್ತರ ಕೊಡಬೇಕು ಅಂತ ನೋಟೀಸು ಬರೆದು ಉದಯಕುಮಾರ್ ಕೈಗೆ ಕೊಟ್ಟರು.

"ಮೇಡಂ, ಗಾರ್ಡ್ ಇನ್ಮೇಲೆ ಇರ್ತದಾ?" ಅಂದಳು ಸಣ್ಣತಾಯಮ್ಮ.

"ಇರಬೇಕು."

"ಇರಬೇಕು ಅಂದ್ರೆ ಇರ್ತದಾ?"

ಮೇಡಂ ಟ್ಯಾಬನ್ನು ಎದೆಗೆ ಒತ್ತಿಕೊಂಡರು. ಜೀಪು ಹತ್ತಿ ಹೋದರು. ಕೆಟ್ಟವರಲ್ಲ. ಆದರೆ ಜೀಪು ಇರುವವರು ಹೋಗುತ್ತಾರೆ, ನಾವು ಇರುತ್ತೇವೆ.

ಜೀಪಿನ ಧೂಳು ಅಡಗಿರಲಿಲ್ಲ, ಉದಯಕುಮಾರ್ ಅರಚಿದರು. "ಲೋ ಕೆಂಚ, ಬಿಚ್ಚಲಾ ಅದ! ನಾಲ್ಕು ಗಂಟೆಗೆ ಲಾರಿ ಬತ್ತದೆ, ಲೋಡ್ ಆಗ್ಬೇಕು. ಆ ಹೆಂಗಸಿನ ಹಾಜರಿ ಹೊಡೆದ್ಹಾಕ್ರಿ ಅಚ್ಯುತ!"

ಕೆಂಚಪ್ಪ ಸ್ಪಾನರು ಹುಡುಕಿದ. ಮಿಷನ್ನಿನ ಪಕ್ಕ ಇಟ್ಟಿದ್ದ ಜಾಗದಲ್ಲಿ ಇರಲಿಲ್ಲ. ಆ ಜಾಗದಲ್ಲಿ ಸಣ್ಣತಾಯಮ್ಮ ಕೂತಿದ್ದಳು. ಹೆಲ್ಮೆಟ್ಟು ಹಾಕಿಕೊಂಡೇ, ಗಿಣಿ ಮುಂದೆ ಮಾಡಿಕೊಂಡು, ಎಲೆಗೆ ಸುಣ್ಣ ಸವರುತ್ತಾ.

"ಸಣ್ಣತಾಯಮ್ಮ, ಸ್ಪಾನರ್ ಎಲ್ಲವ್ವಾ?"

"ನನ್ ಕೆಳಗೈತೆ."

"ಎದ್ದೇಳು ಮತ್ತೆ."

"ಹೆಂಗ್ ಏಳಾನ? ಮಂಡಿ ಹಿಡ್ಕಂಡೈತೆ. ದೇವ್ರಾಣೆ, ನಂಗೇ ಒತ್ತುತೈತೆ."

ಕೆಂಚಪ್ಪ ಉದಯಕುಮಾರ್ ಕಡೆ ತಿರುಗಿದ. "ಸಾವ್ಕಾರ್ರೆ, ಹೆಂಗಸ್ರು ಕೂತಿರೋ ಜಾಗಕ್ಕೆ ನಾ ಕೈ ಹಾಕಲ್ಲ. ನೀವೇ ಬೇಕಾರೆ ಹಾಕಿ."

ಉದಯಕುಮಾರ್ ಹಾಕಲಿಲ್ಲ. ಅಚ್ಯುತ ಬಂದು, ಏಳಿ ತಾಯಿ, ಕಾನೂನು ಪ್ರಕಾರ ಸ್ಪಾನರ್ ಮಿಲ್ಲಿನ ಆಸ್ತಿ ಅಂದರು. "ಕಾನೂನು ಪ್ರಕಾರ ಕಕ್ಕಸ್ಸು ಯಾರ್ದು?" ಅಂದಳು ಸಣ್ಣತಾಯಮ್ಮ. ಅವಳ ಪಕ್ಕ ನಯನಾ ಹೋಗಿ ಕೂತಳು. ನಯನಾಳ ಪಕ್ಕ ನಾನು. ಆಮೇಲೆ ಒಬ್ಬೊಬ್ಬರೇ ಎಲ್ಲರೂ. ಹೆಲ್ಮೆಟ್ಟು ವಾಪಸ್ಸು ತುಂಬಲು ಬಂದ ಟೆಂಪೊ ಡ್ರೈವರ್ ನಮ್ಮ ತಲೆ ನೋಡಿಕೊಂಡು ನಿಂತ. ಯಾರೂ ಬಿಚ್ಚಿ ಕೊಡಲಿಲ್ಲ. ತಲೆಯ ಮೇಲೆ ಬೀಳುವುದು ಏನಾದರೂ ಇದ್ದರೆ ಆವತ್ತೇ ಬೀಳುತ್ತಿತ್ತು.

ಉದಯಕುಮಾರ್ ಬೈದರು. ಗೇಟಿನ ತನಕ ಹೋದರು, ಬಂದರು. ಇನ್ನೊಂದು ಸ್ಪಾನರ್ ತರಿಸುತ್ತೇನೆ ಅಂದರು. "ತರ್ಸಿ," ಅಂದಳು ಸಣ್ಣತಾಯಮ್ಮ, "ಅದ್ರ ಮೇಲೂ ಕೂರೋಕೆ ಜನ ಅವ್ರೆ." ಮೂರೂವರೆಗೆ ಲಾರಿಯವನು ಫೋನು ಮಾಡಿದ. ಉದಯಕುಮಾರ್ ಗಡಿಯಾರ ನೋಡಿದರು, ನಮ್ಮನ್ನು ನೋಡಿದರು.

"ಗಾರ್ಡ್ ಇಟ್ಕಂಡೇ ಓಡ್ಸಿ. ಹಾಳಾಗ್ಹೋಗಿ."

"ದ್ರಾಕ್ಷಾಯಣಿ ಹಾಜರಿ?" ಅಂದಳು ನಯನಾ. ಅವಳಿಗೆ ಅಷ್ಟು ಧೈರ್ಯ ಎಲ್ಲಿತ್ತೋ, ಅತ್ತಿಗೆಯ ಹೆಸರನ್ನೇ ಹಿಡಿದು ಹೇಳಿಬಿಟ್ಟಳು.

"ಅದೂ ಇರ್ಲಿ! ಏಳ್ರಮ್ಮಾ!"

ಸಣ್ಣತಾಯಮ್ಮ ಏಳಲು ನಿಜವಾಗಿಯೂ ಆಗಲಿಲ್ಲ. ಮೂರು ಜನ ಹಿಡಿದು ಎತ್ತಿದೆವು. ಸ್ಪಾನರನ್ನು ಸೀರೆಯ ಮಡಿಲಿಗೆ ಕಟ್ಟಿಕೊಂಡು ಹೋದಳು. ಇವತ್ತಿಗೂ ಅವಳ ಎಲೆ ಅಡಿಕೆ ಚೀಲದಲ್ಲೇ ಇದೆ. ಹದಿನಾಲ್ಕರ ಸ್ಪಾನರು ಅರಸೀಕೆರೆಯ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ, ನಮಗೂ ಗೊತ್ತು. ಅದಕ್ಕೇ ದಿನಾ ಬೆಳಿಗ್ಗೆ ನಾಲ್ಕು ಬೋಲ್ಟನ್ನೂ ಮುಟ್ಟಿ ನೋಡಿದ ಮೇಲೆಯೇ ಮಿಷನ್ನಿನ ಸ್ವಿಚ್ಚು ಹಾಕುತ್ತೇವೆ. ಒಂದು ಬೋಲ್ಟು ಸಡಿಲ ಇದ್ದರೂ ಎಲ್ಲರೂ ಕೂರುತ್ತೇವೆ. ಈಗಾಗಲೇ ಎರಡು ಸಲ ಕೂತಿದ್ದೇವೆ.

ಹದಿನೈದು ದಿನ ಕಳೆಯಿತು, ತಿಂಗಳೂ ಕಳೆಯಿತು. ನೋಟೀಸಿಗೆ ಅಚ್ಯುತ ಏನು ಉತ್ತರ ಬರೆದರೋ ಗೊತ್ತಿಲ್ಲ. ಇಲಾಖೆಯಿಂದ ಯಾರೂ ಬಂದಿಲ್ಲ. ಬೋರ್ಡಿನ ಕೆಲಸ ನನ್ನ ಹತ್ತಿರವೇ ಇದೆ. ಬೇರೆ ಯಾರೂ ಬರೆಯಲು ಒಪ್ಪುವುದಿಲ್ಲ.

ಬರೆಯುವ ಮೊದಲು ನಾನು ಮಿಷನ್ನಿನ ಹತ್ತಿರ ಹೋಗುತ್ತೇನೆ. ನಯನಾ ಎರಡೂ ಕೈ ಮುಂದೆ ಚಾಚುತ್ತಾಳೆ. ಮೊದಮೊದಲು ನಾಚುತ್ತಿದ್ದಳು, ಈಗ ಉಗುರಿಗೆ ಬಣ್ಣ ಹಚ್ಚಿಕೊಂಡು ಬೇಕೆಂದೇ ಬೆರಳು ಆಡಿಸುತ್ತಾಳೆ. ನಾನು ಒಂದೊಂದೇ ಮುಟ್ಟಿ ಎಣಿಸುತ್ತೇನೆ. ಹತ್ತು. ಆಮೇಲೆ ಹೋಗಿ ಬೋರ್ಡಿಗೆ ಒಂದು ದಿನ ಕೂಡಿಸುತ್ತೇನೆ.